ಕಾಲುಚೀಲ ಒಗೆದ ತಪ್ಪಿಗೆ

ಬಟ್ಟೆ ಒಗೆಯುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಪ್ರತಿ ಸೋಮವಾರ ನಮ್ಮ ಕಾಲುಚೀಲಗಳನ್ನು ಪರೀಕ್ಷಿಸುತ್ತಿದ್ದರು. "ಒಳಮೈ ಹೊರಗೆ ಮಾಡಿ ಒಗೆಯಬೇಕು, ಹಾಗೆಯೇ ಒಣಗಿಸಬೇಕು" ಎಂಬ ಅವರ ಉಪದೇಶವನ್ನು ಇಷ್ಟು ವರ್ಷ ಚಾಚೂ ತಪ್ಪದೆ ಪಾಲಿಸಿದ್ದೇನೆ. ಅದೇ ಉಪದೇಶ ನನ್ನ ಮಗಳ ಉದ್ಯೋಗಕ್ಕೆ ಸಂಚಕಾರ ತರಬಹುದೆಂದು ಪಾಪ, ಸಿಸ್ಟರಿಗೂ ಗೊತ್ತಿರಲಿಕ್ಕಿಲ್ಲ!

ಮಗಳು ನಿಖಿತಾ ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಸಂಬಳಕ್ಕೆ ಆಡುತ್ತಾಳೆ. ಮಿಡ್‌ಫೀಲ್ಡರ್. ಅಂದರೆ, ನಾನು ಅರ್ಥ ಮಾಡಿಕೊಂಡಂತೆ, ತುಂಬಿದ ಮನೆಯ ಸೊಸೆ. ಮುಂದಿನವರು ಕರೆದರೆ ಮುಂದಕ್ಕೆ, ಹಿಂದಿನವರು ಕರೆದರೆ ಹಿಂದಕ್ಕೆ ಓಡಬೇಕು. ಹೆಸರು ಮಾತ್ರ ಬೇರೆಯವರಿಗೆ. ಅವಳ ಮೊದಲ ಕರಾರು ಆರೇ ತಿಂಗಳದ್ದು, ಅದೂ ಮುಗಿಯುತ್ತ ಬಂದಿತ್ತು. "ಪಾಸ್ ಚೆನ್ನಾಗಿ ಕೊಡ್ತಾಳೆ, ಆದ್ರೆ ಓಡಲ್ಲ. ಹಾವೇರಿ ಮ್ಯಾಚ್ ನೋಡಿ ಮುಂದಿನದು ಹೇಳ್ತೀನಿ" ಎಂದು ಕೋಚ್ ಮೇಡಂ ಖಡಾಖಂಡಿತವಾಗಿ ಹೇಳಿದ್ದರಂತೆ.

ತಂಡ ರಾಣೆಬೆನ್ನೂರಿನಲ್ಲಿ ಉಳಿದು ಅಭ್ಯಾಸ ಮಾಡುತ್ತಿತ್ತು. ಪಂದ್ಯದ ಹಿಂದಿನ ದಿನ ಮಗಳಿಗೆ ಬ್ಯಾಡಗಿಯ ಮನೆಗೆ ಬರಲು ಅಪ್ಪಣೆ ಸಿಕ್ಕಿತು. ಅವಳ ಚೀಲ ತೆರೆದವಳೇ ಹೌಹಾರಿದೆ. ಎರಡು ಜೊತೆ ಉದ್ದನೆಯ ಬಿಳಿ ಕಾಲುಚೀಲ, ಎರೆಮಣ್ಣಿನಲ್ಲಿ ಅದ್ದಿ ತೆಗೆದಂತಿದ್ದವು!

"ಇರ್ಲಿ ಬಿಡು ಮಮ್ಮಿ, ನಾಳೆ ಮತ್ತ ಹೊಲಸ ಆಗ್ತಾವು."

"ಇಡೀ ಹಾವೇರಿ ನಿನ್ನ ನೋಡತೈತಿ. ಬ್ಯಾಡಗಿ ಹುಡುಗಿ ಹೊಲಸ ಸಾಕ್ಸ್ ಹಾಕ್ಕೊಂಡು ಬಂದಾಳ ಅನ್ನಬೇಕೇನು?"

ಒಗೆದೆ. ಹಗ್ಗದ ತುಂಬ ಹಾಸಿಗೆಯ ಹೊದಿಕೆಗಳಿದ್ದವು. ಮಾಳಿಗೆಯ ಮೇಲೆ ತಾಡಪತ್ರಿ ಹಾಸಿತ್ತು. ನಮ್ಮ ಮನೆಯವರದು ಮೆಣಸಿನಕಾಯಿ ದಲಾಲಿ ಅಂಗಡಿ. ಬೆಳಿಗ್ಗೆಯವರೆಗೆ ಆ ತಾಡಪತ್ರಿಯ ಮೇಲೆ ಕಾಯಿ ಹರವಿದ್ದರು. ಕಸಬರಿಗೆಯಿಂದ ಚೆನ್ನಾಗಿ ಗುಡಿಸಿ, ಕಾಲುಚೀಲಗಳನ್ನು ಸಿಸ್ಟರ್ ಹೇಳಿದಂತೆ ಒಳಮೈ ಹೊರಗೆ ಮಾಡಿ ಹರವಿದೆ. ಸಂಜೆಗೆ ಗರಿಗರಿ! ಒಳಮೈಯನ್ನು ಮತ್ತೆ ಒಳಗೆ ಮಾಡಿ ಮಡಚುವಾಗ ನಾಲ್ಕು ಸೀನು ಬಂದವು. ಬ್ಯಾಡಗಿಯಲ್ಲಿ ಸುಗ್ಗಿಯ ಕಾಲಕ್ಕೆ ಸೀನನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಮರುದಿನ ಹಾವೇರಿಯ ಮೈದಾನ. ತಂಡದಲ್ಲಿ ಎರಡೇ ಜೊತೆ ಕಾಲುಚೀಲಗಳು ಮಲ್ಲಿಗೆಯಂತೆ ಹೊಳೆಯುತ್ತಿದ್ದವು: ಮಗಳದು, ಮತ್ತು ಗೋಲ್‌ಕೀಪರ್ ಹುಡುಗಿಯದು. ಗೆಳತಿಗೂ ಒಂದು ಜೊತೆ ಕೊಟ್ಟಿದ್ದಾಳೆ, ಎಂಥ ಉದಾರ ಮನಸ್ಸು!

ಹತ್ತು ನಿಮಿಷ ನಿಖಿತಾ ಎಂದಿನಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆಮೇಲೆ ಬೆವರು ಇಳಿಯಿತು. ಒಮ್ಮೆಲೇ ಓಡಿದಳು ನೋಡಿ! ಆ ಕಡೆ ಓಡಿದಳು, ಈ ಕಡೆ ಓಡಿದಳು, ಚೆಂಡು ಇಲ್ಲದ ಕಡೆಗೂ ಓಡಿದಳು.

"ಏನ್ರಿ, ನೋಡ್ರಿ! ಯಾರಂದ್ರು ನನ್ನ ಮಗಳು ಓಡಂಗಿಲ್ಲಂತ?" ಎಂದು ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಮನೆಯವರು ಚಪ್ಪಾಳೆ ತಟ್ಟಲಿಲ್ಲ. ಅವರ ಕಣ್ಣು ಗೋಲ್‌ಕೀಪರ್ ಮೇಲಿತ್ತು. ಆ ಹುಡುಗಿ ಕೊಕ್ಕರೆಯಂತೆ ಒಂದೇ ಕಾಲಿನ ಮೇಲೆ ನಿಂತು, ಇನ್ನೊಂದು ಕಾಲನ್ನು ಎರಡೂ ಕೈಯಿಂದ ಪರಪರ ಕೆರೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಚೆಂಡು ಬಂತು. ವೇಗವಾಗಿಯೇನಲ್ಲ, ಸಂತೆಗೆ ಹೊರಟವರಂತೆ ನಿಧಾನವಾಗಿ ಉರುಳುತ್ತ ಅವಳ ಪಕ್ಕದಿಂದ ಒಳಗೆ ಹೋಯಿತು. ಗೋಲು!

"ನಿನ್ನೆ ಆ ಸಾಕ್ಸ್ ಎಲ್ಲಿ ಒಣಗಿಸಿದ್ದಿ?" ಮನೆಯವರ ದನಿ ಸಣ್ಣದಾಗಿತ್ತು.

"ತಾಡಪತ್ರಿ ಮ್ಯಾಲ. ಯಾಕ್ರಿ?"

"ಅಯ್ಯ ಶಿವನ! ಕಾಯಿ ಹರವಿದ್ದರ ಮ್ಯಾಲ?"

"ಗುಡಿಸೀನ್ರಿ! ಅಲ್ಲದ ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕಷ್ಟ. ಅದರಾಗ ಖಾರ ಎಲ್ಲೈತಿ?"

"ಅದು ನಮ್ಮ ಕಾಯಿ ಅಲ್ಲ ಮಾರಾಯ್ತಿ, ಗುಂಟೂರ ಕಾಯಿ!"

ಮಧ್ಯಂತರಕ್ಕೆ ಬಿದ್ದೆನೋ ಎದ್ದೆನೋ ಎಂದು ಕೆಳಗೆ ಓಡಿದೆ. ಮಗಳು ತಂಡದ ಕುಡಿಯುವ ನೀರಿನ ಬಕೆಟ್ಟಿನಲ್ಲಿ ಎರಡೂ ಕಾಲು ಇಳಿಬಿಟ್ಟು ಕುಳಿತಿದ್ದಳು. ಗೋಲ್‌ಕೀಪರ್ ಪಾಳಿಗೆ ನಿಂತಿದ್ದಳು. ಕೋಚ್ ಮೇಡಂ ಒಂದು ಕಾಲುಚೀಲ ಎತ್ತಿ, ಒಳಗೆ ಕೈ ಹಾಕಿ, ತಿರುವಿ ನೋಡಿದರು. ಅವರ ಅಂಗಿಯ ತೋಳಿನ ಗುಂಡಿ ಕಿತ್ತುಹೋದದ್ದು ನನಗೆ ಕಂಡಿತು. ಅದೇ ಕೈ ಅವರ ಕಣ್ಣಿನ ಕಡೆಗೆ ಹೊರಟದ್ದೂ ಕಂಡಿತು.

"ಮೇಡಂ, ಬ್ಯಾಡ್ರಿ!" ಎಂದೆ.

ತಡವಾಗಿತ್ತು!

ಉಳಿದ ಅರ್ಧವನ್ನು ಕೋಚ್ ಮೇಡಂ ಒಂದೇ ಕಣ್ಣಿನಲ್ಲಿ ನೋಡಿದರು. ಮಗಳು ಬೇರೆಯವರ ಕಾಲುಚೀಲ ಏರಿಸಿ ಇಳಿದಳು. ನಿಂತರೆ ಉರಿ, ಓಡಿದರೆ ಮರೆವು. ಓಡಿದಳು, ಕೊನೆಯ ಸೀಟಿಯವರೆಗೂ ಓಡಿದಳು. ತಂಡ ಒಂದು ಗೋಲಿನಿಂದ ಸೋತಿತು. ಆ ಒಂದು ಗೋಲು ಯಾವುದೆಂದು ಮತ್ತೆ ಹೇಳಬೇಕಾಗಿಲ್ಲ.

ಹೋಗಿ ತಪ್ಪೊಪ್ಪಿಕೊಂಡೆ. ಮೇಡಂ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನ ಮಗಳ ಆಟ ಕಂಡು ಬಂದ ಆನಂದಬಾಷ್ಪವೆಂದು ಬರೆಯಬಹುದಿತ್ತು; ಕಾನ್ವೆಂಟಿನಲ್ಲಿ ಸುಳ್ಳು ಕಲಿಸಿಲ್ಲ.

"ಅಲ್ಲಮ್ಮಾ," ಎಂದರು ಮೂಗೊರೆಸಿಕೊಳ್ಳುತ್ತ, "ಇವಳ ಕಾಲಲ್ಲಿ ಇಷ್ಟು ಓಟ ಇದೆ ಅಂತ ಆರು ತಿಂಗಳಲ್ಲಿ ಇವತ್ತೇ ಗೊತ್ತಾಗಿದ್ದು. ಇನ್ಮೇಲೆ ಖಾರ ಇಲ್ಲದೆ ಓಡಿಸ್ತೀನಿ, ಬಿಡಿ."

ವಾರದ ಮೇಲೆ ಹೊಸ ಕರಾರು ಬಂತು. ಇನ್ನೊಂದು ವರ್ಷ! ಮನೆಯವರು ಕನ್ನಡಕ ಏರಿಸಿಕೊಂಡು, ಕೊನೆಯ ಪುಟದಲ್ಲಿ ಹೊಸದಾಗಿ ಸೇರಿಸಿದ ಕಲಮನ್ನು ಕನ್ನಡಕ್ಕೆ ತಿರುಗಿಸಿ, ನನ್ನ ಮುಖ ನೋಡುತ್ತ ಗಟ್ಟಿಯಾಗಿ ಓದಿದರು: "ಆಟಗಾರ್ತಿಯ ಉಡುಪು, ಕಾಲುಚೀಲ ಇತ್ಯಾದಿಗಳನ್ನು ಪಾಲಕರು ಯಾವುದೇ ಕಾರಣಕ್ಕೂ ಒಗೆಯತಕ್ಕದ್ದಲ್ಲ."

ಮಗಳು ತನ್ನ ಕ್ಲಬ್ಬಿಗಾಗಿ ಇನ್ನೂ ಒಂದು ಗೋಲೂ ಹೊಡೆದಿಲ್ಲ. ಎದುರಾಳಿಗಳಿಗೆ ಮಾತ್ರ ನಾನು ಮನೆಯಲ್ಲಿ ಕುಳಿತೇ ಒಂದು ಹೊಡೆದುಕೊಟ್ಟಿದ್ದೇನೆ!