ಕೀಲಿಮಾತಿನ ಧಾಟಿ

ಬುಧವಾರ ಹುನಗುಂದದ ಕಾಲೇಜಿನಲ್ಲಿ ಮೈಕು ಕೆಟ್ಟಿತು. ಕಂಪ್ಯೂಟರ್ ಪಾಠ ಹೇಳುವ ಸತ್ಯಬೋಧ ಮುನ್ನೂರು ವಿದ್ಯಾರ್ಥಿಗಳ ಎದುರು ಮೂರು ತಾಸು ಬರಿಗಂಟಲಲ್ಲೇ ಕೂಗಿದ. ಗುರುವಾರ ಬೆಳಿಗ್ಗೆ ಇಳಕಲ್ಲಿನ ತನ್ನ ಮನೆಯಲ್ಲಿ ಎದ್ದು, ಎಂದಿನಂತೆ "ಕೃಷ್ಣಾ" ಎನ್ನಲು ಹೋದರೆ ಗಂಟಲು ಪಂಕ್ಚರಾದ ಸೈಕಲ್ ಟ್ಯೂಬಿನಂತೆ 'ಸ್ಸ್' ಎಂದಿತು.

ಡಾಕ್ಟರು ಬ್ಯಾಟರಿಯ ಬೆಳಕು ಬಿಟ್ಟು ಗಂಟಲು ನೋಡಿದರು. "ಇವತ್ತ ಒಂದಕ್ಷರಾನೂ ಆಡಬ್ಯಾಡ್ರಿ. ಪಿಸುಮಾತೂ ಬ್ಯಾಡ. ದನಿ ತನ್ನಷ್ಟಕ್ಕ ತಾನ ಬರ್ತದ," ಎಂದು ಕಳಿಸಿದರು.

ಒಂದು ದಿನ ಬಾಯಿ ಮುಚ್ಚಿಕೊಂಡಿರುವುದು ಬೇರೆಯವರಿಗಾದರೆ ದೊಡ್ಡ ಮಾತಲ್ಲ. ಆದರೆ ಸತ್ಯಬೋಧನ ನೆನಪೆಲ್ಲ ಇದ್ದದ್ದೇ ಬಾಯಲ್ಲಿ. ಅಜ್ಜನ ಪಕ್ಕ ಕುಳಿತು, ಅವರು ಹೇಳಿದ್ದನ್ನು ಕೇಳಿ ಕೇಳಿ ಬೆಳೆದವನು ಅವನು. ರಾಗ ಹಾಕಿ ಅನ್ನದೆ ಅವನಿಗೆ ಏನೂ ನೆನಪಾಗುತ್ತಿರಲಿಲ್ಲ. ಯಾರಾದರೂ ಫೋನ್ ನಂಬರ್ ಕೇಳಿದರೆ ಮಂಗಳಾರತಿಯ ಧಾಟಿಯಲ್ಲಿ ಹೇಳುತ್ತಿದ್ದ. ಒಮ್ಮೆ ಅಂಚೆಕಚೇರಿಯಲ್ಲಿ ಅದನ್ನು ಕೇಳಿದ ಮುದುಕಿಯೊಬ್ಬಳು ಭಕ್ತಿಯಿಂದ ಕೈಮುಗಿದಿದ್ದಳು.

ಇಂಥವನ ಕೈಯಲ್ಲಿ 'ಚಿಲಕ'ದ ಕೀಲಿ ಇತ್ತು.

ಚಿಲಕ ಅಂದರೆ, ಒಂದು ಫೋನಿನಿಂದ ಇನ್ನೊಂದು ಫೋನಿಗೆ ಹೋಗುವ ಮಾತನ್ನು ನಡುವೆ ಯಾರೂ ಓದದಂತೆ ಗುಟ್ಟು ಮಾಡುವ ತಂತ್ರಾಂಶ. ಅದರ ಕೋಡನ್ನು ಜಗತ್ತಿನಲ್ಲಿ ಯಾರು ಬೇಕಾದರೂ ತೆರೆದು ಓದಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು, ಪುಕ್ಕಟೆ ಬಳಸಬಹುದು. ನಾಲ್ಕೈದು ದೇಶಗಳ ಹತ್ತು ಜನ ಬಿಡುವಿನಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದರು. ಅದರ ಕೈಪಿಡಿ ಬರೆಯುವುದು ಸತ್ಯಬೋಧನ ಪಾಲಿನ ಕೆಲಸ. ಹೊಸ ಆವೃತ್ತಿ ಹೊರಡುವಾಗ 'ಇದು ನಮ್ಮದೇ, ನಡುವೆ ಯಾರೂ ಕೈ ಹಾಕಿಲ್ಲ' ಎಂದು ಮುದ್ರೆ ಒತ್ತುವ ಇಬ್ಬರಲ್ಲಿ ಅವನೂ ಒಬ್ಬ. ಆ ಮುದ್ರೆಯ ಕೀಲಿ ಬೆರಳುದ್ದದ ಒಂದು ಯುಎಸ್‌ಬಿ ಕಡ್ಡಿಯೊಳಗಿತ್ತು. ಕಡ್ಡಿ ಕೆಲಸ ಮಾಡಬೇಕಾದರೆ ಏಳು ಶಬ್ದಗಳ ಕೀಲಿಮಾತು ಟೈಪು ಮಾಡಬೇಕು. ಮೂರು ಸಲ ತಪ್ಪಿದರೆ ಕಡ್ಡಿ ತನ್ನೊಳಗಿನ ಕೀಲಿಯನ್ನು ತಾನೇ ಅಳಿಸಿಕೊಂಡುಬಿಡುತ್ತದೆ.

ಹನ್ನೊಂದಕ್ಕೆ ಬದಾಮಿಯಿಂದ ಪ್ರಾಚಿಯ ಫೋನು ಬಂತು. ಆಕೆಯೂ ಆ ಹತ್ತು ಜನರಲ್ಲಿ ಒಬ್ಬಳು. ಸತ್ಯಬೋಧನ ಹೆಂಡತಿ ಸಂಪದಾ ಸ್ಪೀಕರ್ ಹಾಕಿದಳು.

"ಸರ, ಕೋಡಿನ್ಯಾಗ ಒಂದು ದೊಡ್ಡ ತೂತು ಸಿಕ್ಕದ. ದುರಸ್ತಿ ಆಗೇದ, ಆ ಚಿಂತಿ ಇಲ್ಲ. ಆದ್ರ ಸಂಜೀ ಐದಕ್ಕ ತೂತಿನ ಸುದ್ದಿ ಎಲ್ಲಾ ಕಡೆ ಹೊರಬೀಳ್ತದ. ಅದಕ್ಕೂ ಮದಲ ನೀವು ಮುದ್ರಿ ಒತ್ತಿ ದುರಸ್ತಿ ಕಳಸಬೇಕ್ರಿ. ಇಲ್ಲಾಂದ್ರ ಊರ ಕಳ್ಳರಿಗೆಲ್ಲಾ ಹಿತ್ತಲ ಬಾಗಲಾ ತೋರಿಸಿ ನಾವು ಮಲಗಿಬಿಟ್ಟಂಗ ಆಗ್ತದ. ಇನ್ನೊಬ್ಬ ಮುದ್ರಿಯವರು ವಿಮಾನದಾಗ ಕೂತಾರ. ಇವತ್ತ ನೀವ ಗತಿ."

ಸತ್ಯಬೋಧ 'ಆಗಲಿ' ಎಂದು ತಲೆಯಾಡಿಸಿದ. ಕಡ್ಡಿ ಚುಚ್ಚಿ ಲ್ಯಾಪ್‌ಟಾಪಿನ ಮುಂದೆ ಕುಳಿತ. ಬೆರಳು ಕೀಲಿಮಣೆಯ ಮೇಲಿಟ್ಟ. ಎಂದಿನಂತೆ ಬಾಯಿ ತೆರೆದ.

ಸ್ಸ್.

ಬೆರಳುಗಳು ಕದಲಲಿಲ್ಲ. ದನಿ ಇಲ್ಲದೆ ರಾಗವಿಲ್ಲ, ರಾಗವಿಲ್ಲದೆ ಶಬ್ದವಿಲ್ಲ. ಒಂದು ತಾಸು ಕಣ್ಣು ಮುಚ್ಚಿ ಕುಳಿತು, ಬೆವರಿ, ಏಳು ಶಬ್ದ ಹೊಂದಿಸಿ ಟೈಪು ಮಾಡಿದ. 'ತಪ್ಪು. ಇನ್ನು ಎರಡು ಅವಕಾಶ' ಎಂದು ಪರದೆ ಹೇಳಿತು.

ಅವನ ಮುಖ ನೋಡಿ ಸಂಪದಾ ಗಾಬರಿಯಾದಳು. "ಏನಾತ್ರಿ?" ಅವನು ಚೀಟಿಯ ಮೇಲೆ ಬರೆದ: 'ಕೀಲಿಮಾತು ಮರೆತಿದೆ. ಐದರೊಳಗೆ ಬೇಕು. ದನಿ ಬಂದರೆ ನೆನಪಾಗುತ್ತದೆ.'

ಸಂಪದಾ ಒಳ್ಳೆಯ ಮನಸ್ಸಿನಿಂದಲೇ ಓಣಿಯಲ್ಲಿ ಔಷಧಿ ಕೇಳಲು ಹೋದಳು. ಆಕೆ ಕೇಳಿದ್ದು ಮದ್ದು, ಬಂದದ್ದು ಮಂದಿ.

ಮೊದಲು ಬಂದವಳು ಎದುರುಮನೆಯ ಖೈರುನಬಿ. ಕುಬಸ ಹೊಲಿಯುವ ಕೆಲಸ ಬಿಟ್ಟು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇದ್ದಂತೆ, ಅರಿಶಿನ ಹಾಲು ತಂದಿದ್ದಳು. "ಕುಡೀರಿ ಆಚಾರ್ರ. ನಮ್ಮತ್ತೀದು ವರ್ಷಗಟ್ಟಲೆ ಬಿದ್ದಿದ್ದ ದನಿ ಇದರಿಂದ ಎದ್ದಿತ್ತು. ಎದ್ದದ್ದ ತಪ್ಪಾತು, ಆಮೇಲೆ ನಿಲ್ಲಲೇ ಇಲ್ಲ."

ಅವನು ಕುಡಿದ. ಹಿಂದೆಯೇ ನಿವೃತ್ತ ಶಾಲಾಮಾಸ್ತರ ಪಂಢರೀನಾಥರು ಕರಿಮೆಣಸು, ಬೆಲ್ಲದ ಉಂಡೆ ಹಿಡಿದು ಬಂದರು. ಅದನ್ನೂ ನುಂಗಿದ. ಕಣ್ಣಲ್ಲಿ ನೀರು ಬಂತು, ದನಿ ಬರಲಿಲ್ಲ.

ಮಾಸ್ತರರು ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗಿಸಿ ಕುಳಿತರು. "ಏನಪಾ ಇದು ನಿಮ್ಮ ವ್ಯವಹಾರ? ಬೀಗಾ ಹೆಂಗ ಮಾಡೀವಿ ಅನ್ನೂದನ್ನ ಇಡೀ ಜಗತ್ತಿಗೆ ಬಿಚ್ಚಿ ತೋರಿಸೀರಿ. ಮ್ಯಾಲೆ ಅದಕ್ಕೊಂದು ಕೈಪಿಡಿ ಬ್ಯಾರೆ ಬರದೀರಿ. ಇಷ್ಟೆಲ್ಲಾ ತೆರದಿಟ್ಟ ಮ್ಯಾಲೆ ಮುಚ್ಚಿಡಲಿಕ್ಕೆ ಇನ್ನೇನು ಉಳದದ?"

'ಕೀಲಿಮಾತು' ಎಂದು ಸತ್ಯಬೋಧ ಬರೆದು ತೋರಿಸಿದ.

"ಅದನ್ನೂ ಬರದಿಟ್ಟಿದ್ರ ಇವತ್ತ ಈ ತ್ರಾಸ ಇರತಿದ್ದಿಲ್ಲ," ಎಂದರು ಮಾಸ್ತರರು. "ಇರಲಿ. ಯಾವುದಾರ ಒಂದು ಶಬ್ದ ನೆನಪದ ಏನು?"

ಒಂದು ಶಬ್ದ ಅವನಿಗೆ ನೆನಪಿತ್ತು. ಹೇಳಬಾರದೆಂದು ತುಟಿ ಬಿಗಿಹಿಡಿದ. ಮಾಸ್ತರರೇ ಊಹಿಸತೊಡಗಿದರು. "ಮಠದ ಹೆಸರಾ? ಸಂಪದಾ ಬಾಯಿಯವರ ಜನ್ಮನಕ್ಷತ್ರಾ? ನಿನ್ನ ಗೋತ್ರಾ?" ಪ್ರತಿಯೊಂದಕ್ಕೂ ಸತ್ಯಬೋಧ ಅಡ್ಡಡ್ಡ ತಲೆಯಾಡಿಸಿದ. ಪಾಠಶಾಲೆಯಲ್ಲಿ ನಲವತ್ತು ವರ್ಷ ಉತ್ತರ ಹೊರಡಿಸಿದ ಕೈ ಅವರದು, ಸೋಲುವುದು ಗೊತ್ತಿರಲಿಲ್ಲ. "ಸರಿ ಬಿಡು, ನಾ ನೋಡ್ತೇನಿ," ಎಂದವರೇ ನಡುವೆ ಕೈ ತೂರಿಸಿ ಅವನ ಗೋತ್ರ ಟೈಪು ಮಾಡಿ ಎಂಟರ್ ಒತ್ತಿಬಿಟ್ಟರು.

'ತಪ್ಪು. ಇನ್ನು ಒಂದೇ ಅವಕಾಶ.'

ಸತ್ಯಬೋಧ ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎದೆಗವಚಿಕೊಂಡು ಎದ್ದು ನಿಂತ. ಬೈಯಬೇಕೆಂದು ಬಾಯಿ ತೆರೆದ. ಸ್ಸ್.

"ಸಿಟ್ಟಾಗಬ್ಯಾಡ," ಎಂದರು ಮಾಸ್ತರರು. "ಇನ್ನೊಂದು ಅವಕಾಶ ಅದ ಅಲ್ಲಾ. ನಿನ್ನ ಮಾವನ ಗೋತ್ರ ಯಾವುದು?"

ಗೋಡೆಯ ಗಡಿಯಾರ ನಾಲ್ಕೂ ಕಾಲು ತೋರಿಸಿತು. ಪ್ರಾಚಿಯ ಸಂದೇಶ ಒಂದರ ಹಿಂದೊಂದು ಬರುತ್ತಿತ್ತು. 'ಸರ, ಆತಾ?' 'ಸರ?' 'ಸರ, ನೀವು ಆರಾಮ ಇದ್ದೀರಲ್ಲ?' ಚಿಲಕವನ್ನು ನಂಬಿದ ಸಾವಿರಾರು ಫೋನುಗಳು ಇನ್ನು ಮುಕ್ಕಾಲು ತಾಸಿನಲ್ಲಿ ಬಾಗಿಲು ತೆರೆದಿಟ್ಟ ಮನೆಗಳಾಗಲಿದ್ದವು. ಸತ್ಯಬೋಧ ದೇವರ ಮುಂದೆ ಕುಳಿತು ಮನಸ್ಸಿನಲ್ಲೇ ಪ್ರಾರ್ಥಿಸಿದ. ಅದೂ ರಾಗವಿಲ್ಲದೆ ಅರ್ಧಕ್ಕೆ ನಿಂತಿತು.

ಆಗ ಪಕ್ಕದ ಮನೆಯ ಬಾಳಮ್ಮ ಬಂದಳು. ಮಗ್ಗದಲ್ಲಿ ಸೀರೆ ನೇಯುವ ಹೆಂಗಸು. ಔಷಧಿ ತಂದಿರಲಿಲ್ಲ, ಜಗಳ ತಂದಿದ್ದಳು. ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಳು.

"ಏನ್ರಿ ಆಚಾರ್ರ, ಇವತ್ತ ಪದಾ ಯಾಕ ಹೇಳಿಲ್ಲ? ನೀವು ಅನ್ನೂದು, ನಾ ಲಾಳಿ ಒಗಿಯೂದು, ಮೂರು ವರ್ಷದ ರೂಢಿ. ಇವತ್ತ ಕೈಗೆ ತಾಳಾನ ಸಿಗವಲ್ದು. ಮುಂಜಾನಿಂದ ಒಂದು ಗೇಣು ಸೀರಿ ಇಳದಿಲ್ಲ ನೋಡ್ರಿ!"

'ಯಾವ ಪದ?' ಎಂದು ಸತ್ಯಬೋಧ ಬರೆದ. ಸಂಪದಾ ಓದಿ ಹೇಳಿದಳು.

"ಯಾವ ಪದಾ ಅಂದ್ರ? ದಿನಾ ನಸಿಕಿನ್ಯಾಗ ನಾಕು ಗಂಟೆಕ್ಕ ನಾಕು ಸಲ ಅಂತೀರಲ್ಲ! ನಡುವಿನ ಗ್ವಾಡಿ ಜಂತಿತನಕ ಎಲ್ಲಿ ಐತ್ರಿ, ಎಲ್ಲಾ ಕೇಳತೈತಿ." ಬಾಳಮ್ಮ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಇಂಪಾಗಿ ಎತ್ತಿಕೊಂಡಳು:

"ಕಂಬಳಿ ರೈಲು ಸೌತೆಕಾಯಿ, ಮಂಗಳವಾರ ಮೊಸಳೀ, ಊದಬತ್ತಿ ಗಡಿಯಾರಾ..."

ಸತ್ಯಬೋಧನ ಬೆರಳುಗಳು ಹಾಡಿನ ಹಿಂದೆ ತಾವಾಗಿಯೇ ಓಡಿದವು. ಕೊನೆಯ ಅವಕಾಶ. ಎಂಟರ್. ಪರದೆಯಲ್ಲಿ ಹಸಿರು ಗೆರೆ ಮೂಡಿತು. ನಾಲ್ಕು ಮೂವತ್ತೆಂಟಕ್ಕೆ ಮುದ್ರೆ ಬಿತ್ತು, ದುರಸ್ತಿ ಲೋಕಕ್ಕೆ ಹೊರಟಿತು.

"ಬಂತ್ರೀ ಸರ, ಬಂತು!" ಪ್ರಾಚಿ ಫೋನಿನಲ್ಲಿ ಕೂಗಿದಳು. ಸಂಪದಾ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಖೈರುನಬಿ ಉಳಿದ ಅರಿಶಿನ ಹಾಲನ್ನು ತಾನೇ ಕುಡಿದು ಗೋಡೆಗೊರಗಿದಳು. ಸತ್ಯಬೋಧನ ಎದೆಯಿಂದ ಬೀಸುವ ಕಲ್ಲು ಇಳಿದಂತಾಯಿತು.

"ಅಯ್ಯ, ಇದು ಕೀಲಿಮಾತಾ?" ಬಾಳಮ್ಮ ಕೆನ್ನೆಗೆ ಕೈ ಹಚ್ಚಿಕೊಂಡಳು. "ನಾ ದೇವರ ಪದಾ ಅಂತ ತಿಳಕೊಂಡು ದಿನಾ ಕೈ ಮುಗೀತಿದ್ನಿ. ಮೊಸಳಿ ಬಂತಂದ್ರ ಗಜೇಂದ್ರನ ಕಥಿ ಇರಬೇಕು ಅಂದ್ಕೊಂಡಿದ್ದೆ."

ನಗು ಇಳಿದ ಮೇಲೆ ಸತ್ಯಬೋಧನಿಗೆ ಒಂದು ಮಾತು ಚುಚ್ಚತೊಡಗಿತು. ಚಿಲಕದ ಕೈಪಿಡಿಯ ನಾಲ್ಕನೆಯ ಅಧ್ಯಾಯದಲ್ಲಿ ಅವನೇ ಬರೆದಿದ್ದ: 'ಕೀಲಿಮಾತು ಎರಡನೆಯ ಕಿವಿಗೆ ಬಿತ್ತೆಂದು ತಿಳಿದ ಗಳಿಗೆಯಲ್ಲೇ ಬದಲಿಸಿ.' ಇಲ್ಲಿ ಎಷ್ಟು ಕಿವಿ ಎಂದು ಎಣಿಸಲು ಹೋಗಿ ಬಿಟ್ಟ. ಮುಚ್ಚಿಡದೆ ಪ್ರಾಚಿಗೆ ಎಲ್ಲವನ್ನೂ ಬರೆದ. ಅವಳು, 'ಕಡ್ಡಿ ನಿಮ್ಮ ಕೈಯಾಗ ಅದ ಅಲ್ಲಾ ಸರ, ಹೆದರಬ್ಯಾಡ್ರಿ. ಬರೇ ಮಾತು ಬದಲ ಮಾಡ್ರಿ. ಈ ಸಲ ಯಾರಿಗೂ ಕೇಳಬಾರದು,' ಎಂದು ಉತ್ತರಿಸಿದಳು.

ಕೇಳಿಸುವುದು ಎಲ್ಲಿಂದ? ಇಂದಿನ ಮಟ್ಟಿಗೆ ಇಡೀ ಜಿಲ್ಲೆಯಲ್ಲಿ ಅವನಷ್ಟು ಭದ್ರವಾದ ಬಾಯಿ ಮತ್ತೊಂದಿರಲಿಲ್ಲ. ಹೋದ ದನಿ ದೇವರು ಕೊಟ್ಟ ವರವೆಂದು ಮೊದಲ ಬಾರಿಗೆ ಅನಿಸಿತು. ಎಲ್ಲರಿಗೂ ಕೈಮುಗಿದು ಹೊರಗೆ ಕಳಿಸಿ, ಬಾಗಿಲು ಹಾಕಿ, ಚೌಕಾಬಾರದ ಕವಡೆ ತೆಗೆದ. ಕವಡೆ ಉರುಳಿಸಿ, ಬಿದ್ದ ಲೆಕ್ಕದಂತೆ ಶಬ್ದಗಳ ಪಟ್ಟಿಯಿಂದ ಏಳನ್ನು ಆರಿಸಿದ. ಕಡ್ಡಿ ಹೊಸ ಕೀಲಿಮಾತನ್ನು ಒಪ್ಪಿಕೊಂಡಿತು.

ಇನ್ನು ಮರೆಯಬಾರದು. ಪದ್ಮಾಸನ ಹಾಕಿ, ಕಣ್ಣು ಮುಚ್ಚಿ, ಹೊಸ ಮಾತಿಗೊಂದು ಧಾಟಿ ಹಚ್ಚಿ, ಬರೀ ತುಟಿಯಲ್ಲಿ ಅನ್ನತೊಡಗಿದ. ಒಂದು ಸಲ ಬರೀ ಗಾಳಿ. ಐದು ಸಲ ಬರೀ ಗಾಳಿ. ಧಾಟಿ ಚೆನ್ನಾಗಿ ಕೂತಿತು, ಮೈಮರೆತ. ಎಷ್ಟನೆಯ ಸಲವೋ ತಿಳಿಯದು, ಕಂಚಿನ ಗಂಟೆ ಬಾರಿಸಿದಂತೆ ಒಂದು ದನಿ ಕಿವಿಗೆ ಬಿತ್ತು. ಯಾರಪ್ಪಾ ಇಷ್ಟು ಇಂಪಾಗಿ ಹಾಡುತ್ತಿರುವವರು ಎಂದು ಕಣ್ಣು ಬಿಟ್ಟರೆ, ಅವನೇ.

"ದನಿ ಬಂತು!" ಎಂದು ಕೂಗಿ ಬಾಗಿಲು ತೆರೆದು ಅಂಗಳಕ್ಕೆ ಓಡಿದ.

ಇಡೀ ಓಣಿ ಅಲ್ಲೇ ಇತ್ತು. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಎಲ್ಲರೂ ಸಂತೋಷದಿಂದ ತಲೆದೂಗುತ್ತಿದ್ದರು. "ದೇವರು ದೊಡ್ಡಾಂವ," ಎಂದರು ಪಂಢರೀನಾಥ ಮಾಸ್ತರರು. "ಹೊಸಾದು ಭಾಳ ಚಂದ ಐತ್ರಿ ಆಚಾರ್ರ," ಎಂದಳು ಬಾಳಮ್ಮ. "ಹಳೇದಕ್ಕಿಂತ ನಡಿಗಿ ಚೊಲೊ ಐತಿ."

ಖೈರುನಬಿ ಉತ್ಸಾಹದಿಂದ ಹಾಡಿಯೇ ತೋರಿಸಿದಳು. "ಹಡಗು ನೆಗಡಿ ಬೆಳ್ಳುಳ್ಳಿ, ಸಿಂಹಾಸನಾ ಒಂಟಿ, ಛತ್ರಿ ಇಸ್ತ್ರಿ..."

ಸತ್ಯಬೋಧನ ಮೈಯೆಲ್ಲ ಮುಳ್ಳಾಯಿತು. ಪಾಠ ತಪ್ಪಿದ್ದನ್ನು ಕೇಳಿ ಸುಮ್ಮನಿರುವುದು ಅವನ ಮನೆತನದಲ್ಲೇ ಇರಲಿಲ್ಲ.

"ಹಂಗಲ್ಲವಾ, ಛತ್ರಿ ಮದಲ, ಒಂಟಿ ಆಮ್ಯಾಲೆ!" ಎಂದು, ಬೆಳಿಗ್ಗೆಯಿಂದ ಕೂಡಿಟ್ಟ ದನಿಯನ್ನೆಲ್ಲ ತೆರೆದು, ಬಲಗೈಯಿಂದ ತಾಳ ಹಾಕುತ್ತ ಹೇಳಿಕೊಟ್ಟ: "ಹಡಗು ನೆಗಡಿ ಬೆಳ್ಳುಳ್ಳಿ, ಸಿಂಹಾಸನಾ ಛತ್ರಿ, ಒಂಟಿ ಇಸ್ತ್ರೀ..."

ಮುಂದೆ ಒಬ್ಬರು ಹೇಳಿದರೆ ಹಿಂದೆ ಎಲ್ಲರೂ ಹೇಳುವುದು ಆ ಓಣಿಯ ಪದ್ಧತಿ. ಹಾಗಾಗಿ ಹೆಂಗಸರು, ಗಂಡಸರು, ಬಾಗಿಲಲ್ಲಿ ನಿಂತ ಸಂಪದಾ ಸಹಿತ, ಒಂದೂ ಅಕ್ಷರ ತಪ್ಪದಂತೆ ಹಿಂದೆ ಹೇಳಿದರು.