ದೊಡ್ಡಮ್ಮನ ಎಸ್ಕುಚೆ

ನಮ್ಮ ದೊಡ್ಡಮ್ಮನಿಗೆ ಸ್ಪ್ಯಾನಿಷ್ ಬರುತ್ತದೆ ಎಂದರೆ ನೀವು ನಂಬುವುದಿಲ್ಲ. ನಂಬಲೂ ಬೇಡಿ. ಬರುತ್ತಿದ್ದುದು ಒಂದೇ ಒಂದು ಪದ. ಆದರೆ ಆ ಒಂದು ಪದ ಇಟ್ಟುಕೊಂಡು ಅವರು ಎರಡು ವರ್ಷ ಇಡೀ ಹಲಸೂರನ್ನು ನಿಭಾಯಿಸಿದರು!

ಪದ ‘ಎಸ್ಕುಚೆ’. ಕೇಳಿಸಿಕೊಂಡೆ ಎಂದು ಅರ್ಥವಂತೆ. ಕಲಿಸಿದವಳು ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಕಲಬುರಗಿಯ ಹುಡುಗಿ. ಸ್ಪೇನಿನವರ ದೂರುಗಳನ್ನು ಫೋನಿನಲ್ಲಿ ಕೇಳುವ ಕೆಲಸ ಹಿಡಿಯಲು ಅವಳು ಆ ಭಾಷೆ ಕಲಿಯುತ್ತಿದ್ದಳು. ಸಂಜೆ ಮೆಟ್ಟಿಲ ಮೇಲೆ ಅಭ್ಯಾಸ. ದೂರು ಕೊಡುವ ಗಿರಾಕಿಯ ಪಾತ್ರ ದೊಡ್ಡಮ್ಮನದು. ನಲ್ಲಿ ಸೋರುತ್ತಿದೆ, ಹಾಲಿನವನು ನೀರು ಬೆರೆಸುತ್ತಾನೆ ಎಂದು ಇವರು ಕನ್ನಡದಲ್ಲಿ ದೂರಿದರೆ, ಅವಳು ಗಂಭೀರವಾಗಿ “ಎಸ್ಕುಚೆ” ಅನ್ನುವಳು. ದೊಡ್ಡಮ್ಮ ಅದನ್ನು ಕ್ಯಾಲೆಂಡರಿನ ಹಿಂದೆ ಬರೆಸಿಕೊಂಡು ಬಾಯಿಪಾಠ ಮಾಡಿದರು.

ಆಮೇಲೆ ಶುರುವಾಯಿತು ನೋಡಿ. ಸೊಪ್ಪಿನಾಕೆ ಬಾಗಿಲಲ್ಲಿ ನಿಂತು ತಮಿಳಿನಲ್ಲಿ ಏನು ಕೇಳಿದರೂ “ಎಸ್ಕುಚೆ.” ಆಕೆ ಅದನ್ನು ಹೌದು ಅಂತ ತಿಳಿದು ದಿನಕ್ಕೆ ಎರಡು ಕಟ್ಟು ಇಟ್ಟು ಹೋದಳು. ವಾರವಿಡೀ ದಂಟಿನ ಸೊಪ್ಪಿನ ಹುಳಿ! ನಮ್ಮಮ್ಮ ಫೋನಿನಲ್ಲಿ ಅರ್ಧ ಗಂಟೆ ಮಂಡಿನೋವು ತೋಡಿಕೊಂಡರೆ, ಕೊನೆಗೆ ಈ ಕಡೆಯಿಂದ ಒಂದು ಎಸ್ಕುಚೆ. “ಅಕ್ಕ ಇತ್ತೀಚೆಗೆ ಫಾರಿನ್ನೋರ್ ತರ ಆಡ್ತಾಳೆ,” ಎಂದು ಅಮ್ಮ ಮುನಿಸಿಕೊಂಡಳು.

ಈ ಕಿವಿಯ ಚರಿತ್ರೆ ನಿಮಗೆ ಗೊತ್ತಿಲ್ಲ. ದೊಡ್ಡಮ್ಮ ದಂಡು ಪ್ರದೇಶದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಯುಷ್ಯ ಕಳೆದವರು. “ಹಲೋ ಅನ್ನೋದ್ರಲ್ಲೇ ಮದುವೆ ಸುದ್ದೀನೋ ಸಾವಿನ ಸುದ್ದೀನೋ ಗೊತ್ತಾಗ್ಬಿಡ್ತಿತ್ತು,” ಅನ್ನುತ್ತಿದ್ದರು. ರಜೆಗೆ ಬಂದ ನಾವು ಮಕ್ಕಳು ಹಿತ್ತಲಲ್ಲಿ ಕೊಬ್ಬರಿ ಮಿಠಾಯಿ ಕದಿಯುವ ಬಗ್ಗೆ ಪಿಸುಗುಟ್ಟಿದರೆ, ಅಡುಗೆಮನೆಯಿಂದ ಉತ್ತರ ಬರುತ್ತಿತ್ತು: “ಡಬ್ಬಿ ಖಾಲಿ ಕಣ್ರೋ, ಬೇರೆ ಏನಾದ್ರೂ ಯೋಚ್ನೆ ಮಾಡಿ.”

ಅಂಥ ಕಿವಿಯ ಮೇಲೇ ಅನುಮಾನ ಬಂದು ಒಂದು ದಿನ ಪರೀಕ್ಷೆ ಮಾಡಿದೆ. ದನಿಯೇ ಇಲ್ಲದೆ ಬರೀ ತುಟಿಯಾಡಿಸಿ, “ದೊಡ್ಡಮ್ಮ, ಬಾಗಿಲಿಗೆ ಆನೆ ಬಂದಿದೆ,” ಎಂದೆ.

“ಎಸ್ಕುಚೆ. ಕೂತ್ಕೊಳ್ಳೋಕ್ಹೇಳು, ಕಾಫಿ ತರ್ತೀನಿ.”

ಹಲಸೂರಿನವರು ಯಾರೂ ನೋಡಬಾರದು ಎಂಬ ಷರತ್ತಿನ ಮೇಲೆ ಕಿವಿ ತೋರಿಸಲು ಒಪ್ಪಿದರು. ಹಾಗಾಗಿ ಕೆ.ಆರ್. ಪುರದ ಕಿವಿ ಆಸ್ಪತ್ರೆಯವರೆಗೆ ಹೋದೆವು. ಗಾಜಿನ ಗೂಡಿನಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಎಷ್ಟೋ ವರ್ಷದ ಮೇಲೆ ಅದು ತಲೆಗೇರಿದ್ದೇ ತಡ, ದೊಡ್ಡಮ್ಮ ಡ್ಯೂಟಿಗೆ ಬಂದವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಸೆರಗು ಸರಿಮಾಡಿಕೊಂಡರು. ಶಬ್ದ ಬಂದಾಗ ಕೈ ಎತ್ತಬೇಕು. ಇವರು ಕೈಯನ್ನೂ ಎತ್ತಿದರು, ಎಸ್ಕುಚೆಯನ್ನೂ ಅಂದರು. ಒಂದಲ್ಲ, ಏಳೆಂಟು ಸಲ.

ಪರೀಕ್ಷೆ ಮಾಡುವ ಹುಡುಗಿ ನನ್ನ ಕಡೆ ತಿರುಗಿ, “ಸರ್, ನಾನಿನ್ನೂ ಮಷೀನ್ ಆನ್ ಮಾಡಿಲ್ಲ,” ಎಂದಳು.

ನಗಬೇಕಿತ್ತು, ಆಗಲಿಲ್ಲ. ಗಾಜಿನಾಚೆ ಅವರು ಕೈ ಎತ್ತಿಕೊಂಡೇ ಕೂತಿದ್ದರು. ಆಮೇಲೆ ಮಷೀನ್ ಆನ್ ಮಾಡಿ ನೋಡಿದಾಗ ಎರಡು ಕಿವಿಯೂ ಮುಕ್ಕಾಲು ಪಾಲು ಹೋಗಿತ್ತು.

ವಾಪಸ್ ಮೆಟ್ರೋದಲ್ಲಿ ದೊಡ್ಡಮ್ಮ ತಾವಾಗಿಯೇ ಬಾಯಿಬಿಟ್ಟರು. “ನಮ್ಮತ್ತೆಗೆ ಕಿವಿ ಹೋಗಿತ್ತು. ಎರಡೆರಡು ಸಲ ಹೇಳೋಕೆ ಬೇಜಾರಾಗಿ ಮನೇಲಿ ಎಲ್ಲಾರೂ ಮಾತಾಡ್ಸೋದೇ ಬಿಟ್ವಿ. ನಾನೂ ಬಿಟ್ಟೆ ಕಣೋ. ಇಡೀ ಊರೋರ್ ಮಾತು ಕೇಳಿಸ್ಕೊಂಡ್ ಬರ್ತಿದ್ದೆ, ಅವರಿಗೊಂದು ಮಾತು ಎರಡನೇ ಸಲ ಹೇಳ್ಲಿಲ್ಲ. ನನಗೂ ಹಾಗೇ ಆಗತ್ತೆ ಅಂತ ಭಯ. ಕೇಳಿಸ್ತು ಅಂತ ಕನ್ನಡದಲ್ಲಿ ಅಂದ್ರೆ, ಏನ್ ಕೇಳಿಸ್ತು ಹೇಳಿ ಅಂತಾರೆ. ಎಸ್ಕುಚೆ ಅಂದ್ರೆ ಯಾರೂ ಹಾಗೆ ಕೇಳಲ್ಲ.”

“ನಾನು ಮಾತು ನಿಲ್ಸಲ್ಲ ದೊಡ್ಡಮ್ಮ. ಎಷ್ಟು ಸಲ ಬೇಕಾದ್ರೂ ಹೇಳ್ತೀನಿ,” ಎಂದೆ.

“ಎಸ್ಕುಚೆ,” ಎಂದು ಕಿಟಕಿಯ ಕಡೆ ತಿರುಗಿದರು.

ಇಂದಿರಾನಗರ ದಾಟಿದ ಮೇಲೆ ನನ್ನ ತೋಳು ಜಗ್ಗಿದರು. “ಆಗ ಏನಂದೆ? ಕೇಳಿಸ್ಲಿಲ್ಲ ಕಣೋ.”

ಆ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಅಲ್ಲಿಂದ ಹಲಸೂರಿಗೆ ಎರಡೇ ನಿಮಿಷದ ದಾರಿ. ಅಷ್ಟರಲ್ಲಿ ಮೂರು ಸಲ ಹೇಳಿದೆ, ಗಂಟಲು ಹರಿಯುವಷ್ಟು ಜೋರಾಗಿ. ಬೋಗಿಯವರೆಲ್ಲ ತಿರುಗಿ ನೋಡಿದರು. ಮೂರನೆಯ ಸಲಕ್ಕೆ ದೊಡ್ಡಮ್ಮ ನನ್ನ ಕೈಮೇಲೆ ಕೈಯಿಟ್ಟು, ಕನ್ನಡದಲ್ಲೇ “ಕೇಳಿಸ್ತು” ಅಂದರು.