ಅತ್ತೆಯ ಗೋಡೆ ಫೋಟೋ

ನನಗೊಂದು ದುರಭ್ಯಾಸವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಳೆಯ ಕಲ್ಲಿನ ಮೇಲೆ ಎಳೆಬಿಸಿಲು ಬಿದ್ದದ್ದು ಕಂಡರೆ ಸಾಕು, ಮೈಮರೆತು ನಿಂತುಬಿಡುತ್ತೇನೆ. ವಿಜಯಪುರದಂಥ ಊರಿನಲ್ಲಿ ಇದು ಸಣ್ಣ ಕಾಯಿಲೆಯೇನಲ್ಲ. ಇಲ್ಲಿ ಕಾಯಿಪಲ್ಲೆ ತರಲು ಹೊರಟರೂ ದಾರಿಯಲ್ಲಿ ಎರಡು ಗುಮ್ಮಟ, ಒಂದು ಮುರಿದ ಕಮಾನು ಸಿಗುತ್ತವೆ. ಊರಿನವರು ಅವುಗಳತ್ತ ಕತ್ತೆತ್ತಿ ನೋಡುವುದು ಬೀಗರು ಬಂದಾಗ ಮಾತ್ರ. ನಾನೋ ಕೊತ್ತಂಬರಿ ಕಟ್ಟು ಹಿಡಿದುಕೊಂಡು ಅರ್ಧ ತಾಸು ನಿಂತು, ಅದು ಬಾಡಿದ ಮೇಲೆ ಮನೆ ಸೇರುವವಳು. ಬೇಸತ್ತ ನನ್ನ ಗಂಡ ಇದಕ್ಕೆ ಮದ್ದೆಂದು ಒಂದು ಕ್ಯಾಮೆರಾ ಕೊಡಿಸಿದರು. ಕಾಯಿಲೆ ಇನ್ನಷ್ಟು ಹೆಚ್ಚಾಯಿತು.

ಭಾನುವಾರ ಅವರು ಎಂಟರವರೆಗೆ ಮಲಗುತ್ತಾರೆ. ನಾನು ಅಥಣಿ ರಸ್ತೆಯ ನಮ್ಮ ಮನೆಯಿಂದ ನಸುಕಿನಲ್ಲೇ ಸ್ಕೂಟರ್ ಹೊರಗೆ ತೆಗೆಯುತ್ತಿದ್ದೆ. ನನ್ನ ಫೋಟೋಗಳಲ್ಲಿ ಒಂದು ನರಪಿಳ್ಳೆಯೂ ಇರಬಾರದು, ಅದೊಂದು ಹಟ. ಬರೀ ಕಲ್ಲು, ಬೆಳಕು, ಹೆಚ್ಚೆಂದರೆ ಒಂದು ಗಿಳಿ. ಕಮಾನಿನ ಕೆಳಗೆ ಕುಳಿತು ಕನಸು ಕಾಣುತ್ತಿದ್ದೆ: ದೊಡ್ಡ ಹಜಾರದಲ್ಲಿ ನನ್ನ ಚಿತ್ರಗಳ ಪ್ರದರ್ಶನ, ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾ ಸಾಗುವ ಜನ, ನಾನು ಮೂಲೆಯಲ್ಲಿ ಇಳಕಲ್ ಸೀರೆಯುಟ್ಟು ನಾಚಿ ನಿಂತಿರುವುದು. ಈ ಕನಸಿನೊಳಗೆ ಒಂದು ದಿನ ನಮ್ಮ ಅತ್ತೆ ಚಪ್ಪಲಿ ಮೆಟ್ಟಿಕೊಂಡು ನಡೆದುಬಂದರು.

ಆಗಿದ್ದಿಷ್ಟೆ. ಜೈನಾಪುರದಲ್ಲಿ ಅತ್ತೆಯ ನೆಗೆಣ್ಣಿ, ಮಾವನ ಅಣ್ಣನ ಹೆಂಡತಿ, ತೀರಿಕೊಂಡಿದ್ದರು. ವರ್ಷದ ಕಾರ್ಯಕ್ಕೆ ಹೋದಾಗ ಅತ್ತೆ ಗೋಡೆಯ ಮೇಲಿನ ಫೋಟೋ ನೋಡಿದರು. ಬೇರೆ ಫೋಟೋ ಸಿಗದೆ ಮಕ್ಕಳು ಗುರುತಿನ ಚೀಟಿಯಲ್ಲಿದ್ದ ಚಿತ್ರವನ್ನೇ ದೊಡ್ಡದು ಮಾಡಿಸಿದ್ದರು. ಬದುಕಿದ್ದಾಗ ಇರುವೆಗೂ ಗದರದ ಆ ತಾಯಿ ಅಲ್ಲಿಂದ ಎಲ್ಲರನ್ನೂ ಕೆಕ್ಕರಿಸಿ ನೋಡುತ್ತಿದ್ದರು. ಮೊಮ್ಮಕ್ಕಳು ಆ ಕೋಣೆಯಲ್ಲಿ ಊಟಕ್ಕೇ ಕೂರುತ್ತಿರಲಿಲ್ಲ.

ಅತ್ತೆ ಮನೆಗೆ ಬಂದವರೇ, "ಯವ್ವಾ, ಅಕ್ಕನ ಗತಿ ನನಗ ಬರಬಾರದು. ನಾ ಸತ್ತ ಮ್ಯಾಲ ಗ್ವಾಡಿಗಿ ಹಾಕಾಕ ಒಂದು ಚಂದನ ಫೋಟೋ ತಗಿ. ಮನ್ಯಾಗ ಕ್ಯಾಮೆರಾ ಇಟ್ಕೊಂಡು ಬರೇ ಕಲ್ಲಿನ ಫೋಟೋ ತಗಿತೀಯಲ್ಲ!" ಎಂದರು.

ಒಂದು ಭಾನುವಾರದ ಕೆಲಸ ಎಂದುಕೊಂಡೆ. ಗೋಲಗುಂಬಜದ ಮುಂದೆ ನಿಲ್ಲಿಸಿದೆ. ಇಡೀ ಗುಮ್ಮಟ ಹಿಡಿಸುವ ಆಸೆಯಲ್ಲಿ ನಾನು ಹಿಂದೆ ಹಿಂದೆ ಸರಿದೆ, ಅತ್ತೆ ಸಾಸಿವೆ ಕಾಳಾದರು. "ಗುಮ್ಮಟ ಬಂತು, ನಾ ಎಲ್ಲಿ ಅದೀನಿ?" ಎಂದರು. ಮುಂದಿನ ವಾರ ಬಾರಾಕಮಾನ್. ಅಲ್ಲಿನ ಚಾವಣಿಯಿಲ್ಲದ ಕಮಾನುಗಳನ್ನು ಒಂದು ಸುತ್ತು ನೋಡಿ, "ಅರ್ಧಕ್ಕ ಬಿಟ್ಟಿದ್ದರ ಮುಂದ ನಿಂದ್ರಸ್ತಿ? ಈಕಿದೂ ಎಲ್ಲಾ ಅರ್ಧಕ್ಕ ಆತು ಅಂತಾರ ಜನ" ಎಂದು ಹೊರಟೇಬಿಟ್ಟರು. ಕೋಟೆಯ ಮೇಲಿನ ದೊಡ್ಡ ಫಿರಂಗಿಯ ಮುಂದೆ ನಿಂತರೆ ಜಗಳಗಂಟಿಯಂತೆ ಕಾಣುತ್ತಾರಂತೆ. ಅದೂ ಹೋಯಿತು.

ಇಬ್ರಾಹಿಂ ರೋಜಾದಲ್ಲಿ ನನ್ನ ಮಾನವೂ ಹೋಯಿತು. ಟಿಕೋಟಾ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬಳು ನೆರಳಲ್ಲಿ ಕುಳಿತು ನಮ್ಮನ್ನೇ ನೋಡುತ್ತಿದ್ದಳು. ನಾನು "ಗದ್ದ ಸ್ವಲ್ಪ ಮ್ಯಾಲ ಮಾಡ್ರಿ ಅತ್ತಿ" ಅನ್ನುವುದು, ಅತ್ತೆ "ಹಾರ ಹಾಕಾಕ ಜಾಗಾ ಬಿಟ್ಟು ತಗಿ" ಅನ್ನುವುದು, ಎಲ್ಲಾ ಕೇಳಿಸಿಕೊಂಡು, "ಅಷ್ಟ್ಯಾಕ ಅವಸರ ಮಾಡ್ತಿಯವ್ವಾ ಸೊಸಿ? ಹಿರೇಮನಸ್ಯಾಳು ಇನ್ನಾ ಗಟ್ಟಿ ಅದಾಳ" ಎಂದಳು. ಅತ್ತೆ ತಿದ್ದಿ ಹೇಳಬಹುದಿತ್ತು. ಸೆರಗು ಬಾಯಿಗೆ ಹಿಡಿದು ನಕ್ಕರು ಅಷ್ಟೆ.

ಹೀಗೆ ಒಂದು ಭಾನುವಾರದ ಕೆಲಸ ಮಳೆಗಾಲ ದಾಟಿ ಚಳಿಗೆ ಬಂತು. ಹನ್ನೆರಡು ವರ್ಷ ಒಂದೇ ಅಡುಗೆಮನೆಯಲ್ಲಿದ್ದರೂ ನಾವಿಬ್ಬರು ಉಪ್ಪು, ಹಾಲು, ಗ್ಯಾಸು ಬಿಟ್ಟು ಮಾತಾಡಿದ್ದು ಕಡಿಮೆ. ಸ್ಕೂಟರಿನ ಹಿಂದೆ ಕೂತ ಕೂಡಲೇ ಅತ್ತೆ ಬೇರೆಯವರಾಗುತ್ತಿದ್ದರು. ನನ್ನ ಭುಜ ಹಿಡಿದು, ಕಿವಿಯ ಬಳಿ, ಗಾಳಿಯಲ್ಲಿ ಅರ್ಧ ಹಾರಿಹೋಗುವ ಮಾತು. ಅವರ ತವರು ಬಬಲೇಶ್ವರ. ಅಲ್ಲಿಂದ ಮುಂದೆ ಮಮದಾಪುರದ ಕೆರೆಗೆ ಹೋದ ದಿನ ನೀರು ಅಲುಗಾಡದೆ ಮಲಗಿತ್ತು, ಬೆಳ್ಳಕ್ಕಿಗಳು ತಮ್ಮ ನೆರಳಿನ ಮೇಲೇ ನಿಂತಿದ್ದವು. ನಾನು ಕ್ಯಾಮೆರಾ ಮರೆತು ಕೂತಿದ್ದೆ. ಅತ್ತೆ ಮೆಲ್ಲಗೆ, "ಹುಡುಗಿ ಇದ್ದಾಗ ಇದರಾಗ ಈಜೀನಿ. ನಿಮ್ಮ ಮಾವಗ ಹೇಳಿಲ್ಲ. ವಯಸ್ಸಾದ ಮ್ಯಾಲ ಹೇಳೂಣು ಅಂತಿದ್ದೆ, ಅವರೇ ಮೊದಲ ಹೋದರು" ಎಂದರು. ಆ ದಿನ ಫೋಟೋ ತೆಗೆಯುವುದೇ ಇಬ್ಬರಿಗೂ ನೆನಪಾಗಲಿಲ್ಲ.

ಆಮೇಲೆ ನವರಸಪುರದ ಸಂಗೀತ ಮಹಲು. ಪಾಳುಗೋಡೆಗಳ ನಡುವೆ ಬಿಸಿಲು ನಿಧಾನ ಇಳಿಯುತ್ತಿತ್ತು. ಅತ್ತೆ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ, ಸಜ್ಜಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕುತ್ತಾ, "ಬಾ ಯವ್ವಾ, ತಿನ್ನು" ಎಂದು ತಲೆ ಎತ್ತಿದರು. ಯಾಕೋ ನಗು ಬಂದಿತ್ತು, ಸೆರಗು ಜಾರಿತ್ತು, ಬೆಳಕು ಕೆನ್ನೆಯ ಮೇಲೇ ಇತ್ತು. ನನ್ನ ಬೆರಳು ತಾನಾಗಿ ಒತ್ತಿತು.

ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹಿಂದೆ ಗುಮ್ಮಟವಿಲ್ಲ, ಕಮಾನಿಲ್ಲ, ಅವರೊಬ್ಬರೇ. "ಚಲೋ ಬಂದೈತಿ," ಎಂದರು. ಕ್ಯಾಮೆರಾ ನನ್ನ ಕೈಗೆ ಕೊಡುತ್ತಾ, "ಹಂಗಾದರ ಮುಗೀತು ನಮ್ಮ ತಿರುಗಾಟ" ಎಂದರು.

ತಿನ್ನುತ್ತಿದ್ದ ರೊಟ್ಟಿ ಕೆಳಗಿಟ್ಟೆ. ಈ ಫೋಟೋ ಗೋಡೆಗೆ ಹಾಕುವ ದಿನ ಕಣ್ಣ ಮುಂದೆ ಬಂತು, ಅಷ್ಟೇ ಅಲ್ಲ, ಮುಂದಿನ ಭಾನುವಾರವೂ ಬಂತು: ಹಿಂದಿನ ಸೀಟು ಖಾಲಿ. ನನಗೆ ಎರಡೂ ಬೇಡವಾಗಿತ್ತು. ಕ್ಯಾಮೆರಾದಲ್ಲಿ ಕಸದ ಬುಟ್ಟಿಯ ಗುರುತಿರುವ ಗುಂಡಿಯೊಂದಿದೆ. ಅದನ್ನು ಒತ್ತಿ, "ಅಯ್ಯ, ಅಳಿಸಿ ಹೋತ್ರಿ ಅತ್ತಿ" ಎಂದೆ. ಅವರ ಕಣ್ಣು ನನ್ನ ಹೆಬ್ಬೆರಳ ಮೇಲೇ ಇತ್ತು. ಬೈಗಳಿಗೆ ಕಾದೆ. ಅತ್ತೆ ಇನ್ನೊಂದು ರೊಟ್ಟಿ ನನ್ನ ಕೈಗಿಟ್ಟು, "ಹೋಗಲಿ ಬಿಡು. ಮುಂದಿನ ಐತವಾರ ಎಲ್ಲಿಗಿ?" ಎಂದರು.

ಮೊನ್ನೆ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಅತ್ತೆಯನ್ನು ವಿಚಾರಿಸಿದರು: "ನಿಮ್ಮ ಸೊಸಿ ದೊಡ್ಡ ಫೋಟೋಗ್ರಾಫರ್ ಅಂತಲ್ರಿ, ನಿಮ್ಮ ಫೋಟೋ ತಗದಾಳೇನ್ರಿ?" ನಾನು ಒಳಗೆ ಬಟ್ಟೆ ಮಡಚುತ್ತಾ, ಮನಸ್ಸಿನಲ್ಲೇ ನನ್ನ ಪ್ರದರ್ಶನದ ಹಜಾರದಲ್ಲಿ ಕಿವಿ ನಿಮಿರಿಸಿ ನಿಂತೆ.

"ಎಲ್ಲಿ ಬರತೈತ್ರಿ ಅಕಿಗೆ!" ಎಂದರು ಅತ್ತೆ, ಓಣಿಗೆಲ್ಲ ಕೇಳುವಂತೆ. "ಅಕಿಗೆ ಫೋಟೋ ತಗ್ಯಾಕ ಬರೂದಿಲ್ಲ. ಅದಕ್ಕ ನಾ ಇನ್ನಾ ಅದೀನಿ."